ಬಾಯಿ ಮುಚ್ಚಿದ ರೈಲಿನಲ್ಲಿ ಅಮ್ಮ

ಗೋಕಾಕ

ನನ್ನ ಅಮ್ಮನಿಗೆ ಕಿವಿ ಕೇಳುವುದಿಲ್ಲ. ಸಣ್ಣವಳಿದ್ದಾಗ ಬಂದ ಜ್ವರ ಇಳಿಯುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಬೆಲ್ಲದ ಬಾಗೇವಾಡಿಯಲ್ಲಿ ಅವಳ ತವರಿನ ಎದುರು ಮನೆಯ ಗಂಗವ್ವ ಎಂಬ ಹೆಂಗಸು ದಿನಾ ಸಂಜೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿಸಿದಳಂತೆ. ಗಂಗವ್ವನಿಗೆ ಬರುತ್ತಿದ್ದುದು ಕನ್ನಡ ಒಂದೇ. ಹೀಗಾಗಿ ಮನೆಯಲ್ಲಿ ಉರ್ದು ಆಡುವ ನಾವು ಅಮ್ಮನ ಜೊತೆ ಮಾತ್ರ ಕನ್ನಡ ಆಡುತ್ತೇವೆ. ಎದುರಿಗೆ ನಿಂತು, ಬೆಳಕಿಗೆ ಮುಖ ಮಾಡಿ ಮಾತಾಡಿದರೆ ಸಾಕು. ಅವಳಿಗೆ ಕೇಳಿಸುವುದಿಲ್ಲ ಎಂಬುದು ಹೊಸಬರಿಗೆ ಗೊತ್ತೇ ಆಗುವುದಿಲ್ಲ.

ಕೊರೋನಾ ಬಂದಾಗ ಎಲ್ಲರೂ ಮಾಸ್ಕು ಹಾಕಲೇಬೇಕು ಎಂದರು. ನಾನು ಗೋಕಾಕದಿಂದ ಮೂಡಲಗಿಯ ಪ್ರೌಢಶಾಲೆಗೆ ಕನ್ನಡ ಪಾಠ ಮಾಡಲು ದಿನಾ ಓಡಾಡುವವನು. ನಮ್ಮ ಬಸ್ಸಿನಲ್ಲಿ ಮಾಸ್ಕುಗಳು ಗದ್ದದ ಕೆಳಗೆ ತೂಗುತ್ತಿದ್ದವು, ಪೊಲೀಸರು ಕಂಡಾಗ ಮೂಗಿಗೇರುತ್ತಿದ್ದವು, ಅವರು ಮರೆಯಾದೊಡನೆ ಇಳಿಯುತ್ತಿದ್ದವು. ಅಮ್ಮನಿಗೆ ಬಸ್ಸು ಹೇಗೋ ನಡೆಯಿತು. ನಡೆಯದೆ ಹೋದದ್ದು ಬ್ಯಾಂಕು, ದವಾಖಾನೆ. ಒಮ್ಮೆ ತನ್ನ ತಂಗಿಯ ಮನೆಗೆಂದು ಹುಕ್ಕೇರಿಗೆ ಹೋದವಳು ಮೊಣಕಾಲು ತೋರಿಸಲು ಒಂದು ದವಾಖಾನೆಯಲ್ಲಿ ಕುಳಿತಿದ್ದಳು. ಮಾಸ್ಕು ಹಾಕಿಕೊಂಡ ನರ್ಸು ಮತ್ತೆ ಮತ್ತೆ ಅವಳ ಹೆಸರು ಕರೆದು, ಕೊನೆಗೆ ಹತ್ತಿರ ಬಂದು ಭುಜ ಅಲುಗಿಸಿ, ಇಷ್ಟು ಕರೆದರೂ ಕೇಳಿಸುವುದಿಲ್ಲವೇ ಎಂದು ಗದರಿದಳಂತೆ. ಗದರಿದ್ದು ಕಣ್ಣಿನಲ್ಲೇ ಅಮ್ಮನಿಗೆ ಗೊತ್ತಾಯಿತು. "ಇಲ್ಲವಾ, ಕೇಳಸೂದಿಲ್ಲ" ಎಂದು ಹೇಳಿ, ಮೊಣಕಾಲು ತೋರಿಸದೆಯೇ ಎದ್ದು ಬಂದಳು. ಬಾಯಿಯ ಜಾಗದಲ್ಲಿ ಪ್ಲಾಸ್ಟಿಕ್ ಕಿಟಕಿ ಇರುವ ಮಾಸ್ಕೊಂದನ್ನು ನಾನು ಹುಡುಕಿ ತರಿಸಿದೆ. ಎರಡು ಮಾತಾಡುವಷ್ಟರಲ್ಲಿ ಅದು ಉಸಿರಿಗೆ ಮಸುಕಾಗಿ, ಮಳೆಯಲ್ಲಿ ಬಸ್ಸಿನ ಗಾಜು ನೋಡಿದ ಹಾಗಾಗುತ್ತಿತ್ತು.

ನನ್ನ ತಂಗಿ ಪರ್ವೀನ ಆ ಹೊತ್ತಿಗೆ ಬೆಳಗಾವಿಯಲ್ಲಿ ನರ್ಸು. ಕೊರೋನಾ ವಾರ್ಡಿನಲ್ಲಿ ದುಡಿದು, ಆಮೇಲೆ ಭಾಷೆ ಕಲಿತು ಜರ್ಮನಿಗೆ ಹೋದಳು. ಅಲ್ಲಿ ಅವಳ ಕೆಲಸ ರಕ್ತದ ಕ್ಯಾನ್ಸರಿನ ವಾರ್ಡಿನಲ್ಲಿ. ಔಷಧಿಯ ಹೊಡೆತಕ್ಕೆ ಆ ರೋಗಿಗಳ ಮೈಯಲ್ಲಿ ನೆಗಡಿಯನ್ನು ಎದುರಿಸುವ ಶಕ್ತಿಯೂ ಉಳಿದಿರುವುದಿಲ್ಲ. ಅವಳು ವಿಡಿಯೊದಲ್ಲಿ ಮಾತಾಡುತ್ತಿದ್ದಳು ನಿಜ, ಆದರೆ ಚಿತ್ರ ನಿಂತು ನಿಂತು ಬರುತ್ತಿತ್ತು. ನನಗೆ ದನಿಯಾದರೂ ಸಿಗುತ್ತಿತ್ತು, ಅಮ್ಮನಿಗೆ ಅರ್ಧ ತೆರೆದು ಕಲ್ಲಾದ ಬಾಯಿ ಸಿಗುತ್ತಿತ್ತು. ಒಂದು ದಿನ ಅವಳು ಫೋನನ್ನು ನನ್ನ ಕೈಗಿಟ್ಟು, "ಇದ್ರಾಗ ಮಗಳ ಮಾತ ಹರದ ಹರದ ಬರತೈತಿ. ನಾ ಖುದ್ದ ಹೋಗಿ ನೋಡಿ ಬರ್ತೇನಿ" ಎಂದಳು.

ಪರ್ವೀನ ಎಲ್ಲ ಏರ್ಪಾಡು ಮಾಡಿದಳು. ಒಂದೇ ಕರಾರು. ಆ ಚಳಿಗಾಲದಲ್ಲಿ ಜರ್ಮನಿಯ ಅಂಗಡಿ, ಹೋಟೆಲುಗಳಲ್ಲಿ ಮಾಸ್ಕು ಹೋಗಿತ್ತು. ದೂರದ ರೈಲಿನಲ್ಲಿ, ಆಸ್ಪತ್ರೆಯಲ್ಲಿ ಮಾತ್ರ ಇನ್ನೂ ಕಡ್ಡಾಯ. ರೈಲಿನಲ್ಲಿ ಒಂದು ಗಳಿಗೆಯೂ ತೆಗೆಯಬಾರದು, ನೀವು ನೆಗಡಿ ತಂದರೆ ನಾನು ವಾರ್ಡಿಗೆ ಹೋಗುವ ಹಾಗಿಲ್ಲ ಎಂದಳು. ನಾನು ಹೂಂ ಎಂದೆ. ಹಾಗೆ ಅನ್ನುವಾಗ ಅಮ್ಮನ ಕಡೆ ನೋಡಲಿಲ್ಲ.

ಬರ್ಲಿನ್

ಪರ್ವೀನ ಇರುವುದು ಎಸೆನ್ ಎಂಬ ಊರಿನಲ್ಲಿ. ಅವಳಿಗೆ ರಜೆ ಸಿಗದ ಕಾರಣ ಬರ್ಲಿನ್‌ನಲ್ಲಿ ಇಳಿದು ಅಲ್ಲಿಂದ ನಾವೇ ರೈಲಿನಲ್ಲಿ ಹೋಗಬೇಕಿತ್ತು. ರೈಲು ಹತ್ತುವಾಗ ಎಲ್ಲರೂ ಜೇಬಿನಿಂದ ಕೊಕ್ಕಿನಂಥ ದಪ್ಪ ಬಿಳಿ ಮಾಸ್ಕು ತೆಗೆದು ಹಾಕಿಕೊಂಡರು. ಡಬ್ಬಿ ತುಂಬ ಜನ, ಒಂದು ಮಾತಿಲ್ಲ. ನಮ್ಮ ಕಡೆ ರೈಲು ಹತ್ತಿದ ಕೂಡಲೇ ಯಾವೂರು, ಯಾರ ಪೈಕಿ ಎಂದು ಕೇಳಿ, ಬುತ್ತಿ ಬಿಚ್ಚುವ ಹೊತ್ತಿಗೆ ಸಂಬಂಧವೇ ಹೊರಬಿದ್ದಿರುತ್ತದೆ. ಇಲ್ಲಿ ಬಾಜೂಕಿನವರ ಮುಖ ನೋಡುವುದೂ ತಪ್ಪೇನೋ ಎಂಬಂತೆ ಕುಳಿತಿದ್ದರು. ಒಬ್ಬ ಗೃಹಸ್ಥ ಮಾತ್ರ ಜಾಣ. ತಿನ್ನುವಾಗ ಮಾಸ್ಕು ತೆಗೆಯಬಹುದು ಎಂಬ ನಿಯಮವಿತ್ತು; ಅವನು ಒಂದೇ ಸೇಬನ್ನು ಚೂರು ಚೂರೇ ಕಚ್ಚುತ್ತ ಬಹಳ ಹೊತ್ತು ಕಳೆದ.

ನಮ್ಮ ಎದುರು ಒಬ್ಬ ಹೆಂಗಸು ಕುಳಿತಿದ್ದಳು. ಉಣ್ಣೆಯ ಟೋಪಿ ಕಿವಿ ಮುಚ್ಚುವಂತೆ ಇಳಿದಿತ್ತು. ಹುಬ್ಬು ಇರಲಿಲ್ಲ.

ಅಮ್ಮ ಏನೋ ಕೇಳಿದಳು. ಉತ್ತರ ಹೇಳಲು ನಾನು ಮಾಸ್ಕು ಇಳಿಸಿದೆ. ಎದುರಿನ ಹೆಂಗಸು ಚಟ್ಟನೆ ಹಿಂದೆ ಸರಿದು ಕಿಟಕಿಗೆ ಮುಖ ತಿರುಗಿಸಿದಳು. ಅಷ್ಟರಲ್ಲಿ ಟಿ.ಸಿ. ಬಂದಳು, ನಡುವಯಸ್ಸಿನ ಗಂಭೀರ ಹೆಂಗಸು. ಮಾಸ್ಕು ಮೇಲೇರಿಸಲು ಕೈಸನ್ನೆ ಮಾಡಿದಳು. ನನಗೆ ಸಿಟ್ಟು ಬಂತು. ಅಮ್ಮನ ಕಿವಿ ತೋರಿಸಿ, ನನ್ನ ತುಟಿ ತೋರಿಸಿ, ಇಂಗ್ಲಿಷಿನಲ್ಲಿ ವಿವರಿಸಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. ಕಿವಿ ಕೇಳದವರ ಜೊತೆ ಮಾತಾಡುವಷ್ಟು ಹೊತ್ತು ತೆಗೆಯಬಹುದು, ಕಾಯ್ದೆಯಲ್ಲೇ ಹಾಗಿದೆ ಎಂದು ತಿಳಿಸಿ ಮುಂದೆ ಹೋದಳು. ನನಗೆ ಗೆದ್ದ ಹಾಗಾಯಿತು. ಮಾಸ್ಕು ಇಳಿಸಿ ಅಮ್ಮನ ಕಡೆ ತಿರುಗಿದೆ.

ಅಮ್ಮ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಬ್ಯಾಡ. ಆಕಿ ಅಂಜಾಕತ್ತಾಳ."

ಕಾಯ್ದೆ ಇದೆ ಎಂದು ನಾನು ಅವಳ ಬೆರಳುಗಳ ಸಂದಿಯಿಂದಲೇ ಹೇಳಿದೆ. ಅದನ್ನೂ ಅವಳು ಓದಿದಳು.

"ಕಾಯ್ದೆ ಇರೂದು ನಿನಗ. ಆಕಿ ಪರ್ವೀನನ ವಾರ್ಡಿನವರ ಹಂಗ ಅದಾಳ, ಮೈಯಾಗ ಏನೂ ಉಳದಿಲ್ಲ, ನೋಡು."

ಬೇರೆ ಕಡೆ ಸೀಟು ಖಾಲಿ ಇರಲಿಲ್ಲ. ಇನ್ನು ಮಾತೇನಿದ್ದರೂ ರೈಲು ನಿಂತಾಗ ಕೆಳಗಿಳಿದು ಆಡುವುದೆಂದು ಅಮ್ಮ ತೀರ್ಮಾನಿಸಿದಳು. ಬಯಲಿನ ಪ್ಲಾಟ್‌ಫಾರ್ಮಿನ ಮೇಲೆ ಮಾಸ್ಕು ಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ಅವಳು ತನ್ನ ಮಾಸ್ಕಿನ ಹಿಂದೆ ಸುಮ್ಮನೆ ಕುಳಿತಳು. ನಾನು ಮಾಸ್ಕಿನ ಹಿಂದೆ ಹಲ್ಲು ಕಚ್ಚುತ್ತ ಕುಳಿತೆ. ಎದುರಿನ ಹೆಂಗಸು ಒಮ್ಮೆ ಅಮ್ಮನ ಕಡೆ ನೋಡಿ ತಲೆ ಬಾಗಿಸಿದಳು.

ಹಾಮ್

ಹಾಮ್ ಎಂಬ ನಿಲ್ದಾಣದಲ್ಲಿ ರೈಲು ಹೆಚ್ಚು ಹೊತ್ತು ನಿಂತಿತು. ನಾವು ಇಳಿದೆವು. ಗಾಳಿ ಚುಚ್ಚುತ್ತಿತ್ತು. ಅಮ್ಮ ಮಾಸ್ಕು ಕೆಳಗೆಳೆದು, ಅಷ್ಟು ಹೊತ್ತು ಕಟ್ಟಿಟ್ಟದ್ದನ್ನೆಲ್ಲ ಒಮ್ಮೆಲೇ ಬಿಟ್ಟಳು. ಈ ಮಂದಿ ಮನೆಯಲ್ಲೂ ಹೀಗೇ ಸುಮ್ಮನಿರುತ್ತಾರೆಯೇ, ಹೊಲದಲ್ಲಿ ಒಬ್ಬರೂ ಏಕೆ ಕಾಣಲಿಲ್ಲ, ಪರ್ವೀನ ಸಣ್ಣಾಗಿದ್ದಾಳಂತೆ ಖರೆಯೇ, ಆ ಹೆಂಗಸಿಗೆ ಮಕ್ಕಳಿದ್ದಾರೋ ಇಲ್ಲವೋ. ನಾನು ಒಂದೊಂದಕ್ಕೂ ಅವಳ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳುತ್ತಿದ್ದೆ. ಧ್ವನಿವರ್ಧಕದಲ್ಲಿ ಏನೋ ಹೇಳುತ್ತಿದ್ದರು. ನಾನು ಗಮನ ಕೊಡಲಿಲ್ಲ.

ಚಹಾದ ಕಾಗದದ ಕಪ್ಪು ಎಸೆಯಲು ನಾನು ಕಸದ ಡಬ್ಬಿಯ ಕಡೆ ಹೋದೆ. ಅಲ್ಲಿ ಡಬ್ಬಿಗೆ ಹಲವು ಬಾಯಿ, ಕಾಗದಕ್ಕೊಂದು, ಬಾಟಲಿಗೊಂದು. ಯಾವುದಕ್ಕೆ ಹಾಕಬೇಕೆಂದು ನಾನು ನೋಡುತ್ತಿದ್ದಾಗ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ಜನ ಓಡುವುದನ್ನು ಕಂಡ ಅಮ್ಮ ತನಗೆ ಹತ್ತಿರವಿದ್ದ ಬಾಗಿಲು ಹತ್ತುತ್ತಿದ್ದಳು. ನಾನು ನನಗೆ ಹತ್ತಿರವಿದ್ದ ಬಾಗಿಲಿಗೆ ಹಾರಿದೆ. ಒಳಗಿನಿಂದಲೇ ನಡೆದು ಹೋಗಿ ಅವಳನ್ನು ಸೇರಿದರಾಯಿತು ಎಂದುಕೊಂಡೆ. ರೈಲು ಹೊರಟಿತು.

ಅಮ್ಮ ಹತ್ತಿದ್ದ ಕಡೆಗೆ ನಡೆದೆ. ಆ ಡಬ್ಬಿಯ ಕೊನೆಯಲ್ಲಿ ದಾರಿ ಇರಲಿಲ್ಲ. ಬೀಗ ಹಾಕಿದ ಬಾಗಿಲು, ಅದರ ಗಾಜಿನಾಚೆ ಚಾಲಕನ ಖಾಲಿ ಕುರ್ಚಿ, ಅದರಾಚೆ ಹಿಂದಕ್ಕೆ ಓಡುವ ಹಳಿ. ಡಬ್ಬಿಗಳೇ ಇಲ್ಲ. ಪಕ್ಕದಲ್ಲಿ ಕುಳಿತಿದ್ದ ತರುಣಿಯೊಬ್ಬಳಿಗೆ ಉಳಿದ ರೈಲು ಎಲ್ಲಿ ಎಂದು ಕೇಳಿದೆ. ಈ ರೈಲು ಹಾಮ್‌ನಲ್ಲಿ ಎರಡಾಗುತ್ತದೆ, ಹಿಂದಿನ ಅರ್ಧ ಬೇರೆ ಹಾದಿಯಲ್ಲಿ ಹೋಗುತ್ತದೆ ಎಂದು ಅವಳು ಎರಡು ಕೈಗಳನ್ನೂ ಎರಡು ದಿಕ್ಕಿಗೆ ಚಾಚಿ ತೋರಿಸಿದಳು.

ಅಮ್ಮನ ಬಳಿ ಫೋನಿರಲಿಲ್ಲ. ಪಾಸ್‌ಪೋರ್ಟು ನನ್ನ ಬಳಿ. ಅವಳಿಗೆ ಜರ್ಮನ್ ಬಾರದು, ಇಂಗ್ಲಿಷ್ ಬಾರದು. ಯಾರಾದರೂ ಹಿಂದಿನಿಂದ ಕರೆದರೆ ತಿರುಗಿ ನೋಡುವುದಿಲ್ಲ. ಮುಂದೆ ಬಂದು ನಿಂತರೂ, ಆ ರೈಲಿನಲ್ಲಿ ಬಾಯಿ ಇರುವವರು ಒಬ್ಬರೂ ಇರುವುದಿಲ್ಲ.

ಡಾರ್ಟ್ಮಂಡ್

ನಾನು ಓಡಿದೆ. ಟಿ.ಸಿ. ಹೆಂಗಸು ಮಧ್ಯದ ಡಬ್ಬಿಯಲ್ಲಿ ಸಿಕ್ಕಳು. ಏನು ಹೇಳಿದೆನೋ, ಯಾವ ಭಾಷೆಯಲ್ಲಿ ಹೇಳಿದೆನೋ ನೆನಪಿಲ್ಲ. ಅವಳಿಗೆ ತಿಳಿಯಿತು. ಕೂಡಲೇ ಫೋನು ಹಚ್ಚಿ ಯಾರೊಂದಿಗೋ ಮಾತಾಡಿದಳು. ಆಮೇಲೆ ನನಗೆ ಹೇಳತೊಡಗಿದಳು. ರೈಲಿನ ಸದ್ದು, ಅವಳ ಉಚ್ಚಾರ, ಅದರ ಮೇಲೆ ಆ ದಪ್ಪ ಮಾಸ್ಕು. ನನಗೆ ಸಿಕ್ಕಿದ್ದು ಒಂದೇ ಪದ. ಅವಳು ಮತ್ತೆ ಮತ್ತೆ "ಹಾಗನ್, ಹಾಗನ್" ಅನ್ನುತ್ತಿದ್ದಳು. ನನ್ನ ಕಿವಿಗೆ ಅದು ಕನ್ನಡದ "ಹಾಗೇನು?" ಎಂದು ಕೇಳಿಸಿತು. ಅಮ್ಮ ಕಳೆದುಹೋಗಿದ್ದಾಳೆ ಅಂದರೆ ಈ ಹೆಂಗಸು ಹಾಗೇನು, ಹಾಗೇನು ಅನ್ನುತ್ತಿದ್ದಾಳೆ. ತಲೆ ಕೆಟ್ಟಿತು. ಮಾಸ್ಕು ತೆಗೆದು ಮಾತಾಡಿ ಎಂದು ಕೂಗಿದೆ. ಡಬ್ಬಿಯ ಅಷ್ಟೂ ಕಣ್ಣುಗಳು ನನ್ನ ಕಡೆ ತಿರುಗಿದವು. ಆ ಕಣ್ಣುಗಳಲ್ಲಿ ಸಿಟ್ಟಿತ್ತೋ ಮರುಕವಿತ್ತೋ ತಿಳಿಯಲಿಲ್ಲ. ಬರೀ ಕಣ್ಣು ನೋಡಿ ಏನೂ ತಿಳಿಯುವುದಿಲ್ಲ ಎಂಬುದೊಂದು ತಿಳಿಯಿತು.

ಟಿ.ಸಿ. ನನ್ನ ತೋಳು ಹಿಡಿದು ಬಾಗಿಲ ಬಳಿಯ ಜಾಗಕ್ಕೆ ಕರೆದೊಯ್ದಳು. ಗಾಜಿನ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು. ಅವಳು ದೂರದ ಗೋಡೆಗೆ ಬೆನ್ನು ಹಚ್ಚಿ ನಿಂತು ಮಾಸ್ಕು ಇಳಿಸಿದಳು. ಒಂದೊಂದೇ ಶಬ್ದ, ತುಟಿ ಅಗಲಿಸಿ. ನಿಮ್ಮ ತಾಯಿ ಹೋಗುತ್ತಿರುವ ರೈಲು ಹಾಗನ್ ಎಂಬ ಊರಿನಲ್ಲಿ ನಿಲ್ಲುತ್ತದೆ. ನನ್ನ ಸಹೋದ್ಯೋಗಿ ಅವರನ್ನು ಹುಡುಕುತ್ತಿದ್ದಾನೆ. ನೀವು ಡಾರ್ಟ್ಮಂಡ್‌ನಲ್ಲಿ ಇಳಿದು ಬೇರೆ ರೈಲು ಹಿಡಿಯಿರಿ. ಅವಳು ಆ ಹೊತ್ತು ನನ್ನನ್ನು ಕಿವುಡನೆಂದೇ ನಡೆಸಿಕೊಂಡಳು. ಕಾಯ್ದೆಯ ಪ್ರಕಾರವೂ ಅದೇ ಸರಿ.

ಗುರುತು ಕೇಳಿದಳು. ಹಸಿರು ಇಳಕಲ್ ಸೀರೆ, ಮೇಲೆ ನನ್ನ ಕಂದು ಸ್ವೆಟರು, ತಲೆಯ ಮೇಲೆ ಬಿಳಿ ಓಢಣಿ. ಕರೆಯಬೇಡಿ, ಎದುರಿಗೆ ಹೋಗಿ ನಿಲ್ಲಿ ಎಂದು ಹೇಳಿ ಎಂದೆ. ಅವರು ಯಾವ ಮಾತಿಗೆ ನಂಬಿಕೆ ಇಡುತ್ತಾರೆ ಎಂದು ಕೇಳಿದಳು. ನನ್ನ ಹೆಸರು ಹೇಳಿದೆ. ಅವಳು ಅದನ್ನು ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಆಚೆ ದಾಟಿಸಿದಳು.

ಸೀಟಿಗೆ ಮರಳಿದಾಗ ನಮ್ಮ ಚೀಲಗಳು ಮೇಲಿನಿಂದ ಇಳಿದು ಹಾದಿಯಲ್ಲಿ ಸಾಲಾಗಿ ನಿಂತಿದ್ದವು. ಟೋಪಿಯ ಹೆಂಗಸು ಇಳಿಸಿದ್ದಳು. ಅಷ್ಟಕ್ಕೇ ಏದುಸಿರು ಬಂದು ಕಂಬ ಹಿಡಿದು ನಿಂತಿದ್ದಳು. ಅಮ್ಮನ ಶಾಲನ್ನು ಮಡಚಿ ಮೇಲಿಟ್ಟಿದ್ದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಆಚೆ ಸರಿದು, ದೂರದಿಂದ ಎದೆಯ ಮೇಲೆ ಕೈ ಇಟ್ಟುಕೊಂಡಳು. ನಾನೂ ದೂರದಿಂದಲೇ ಕೈ ಮುಗಿದು ಇಳಿದೆ.

ಹಾಗನ್

ಹಾಗನ್‌ಗೆ ಹೋಗುವ ಸಣ್ಣ ರೈಲಿನಲ್ಲಿ ಕೂರಲಾಗಲಿಲ್ಲ. ಬಾಗಿಲಲ್ಲೇ ನಿಂತು ಪರ್ವೀನಳಿಗೆ ಫೋನು ಮಾಡಿದೆ. ಎತ್ತಲಿಲ್ಲ; ವಾರ್ಡಿನಲ್ಲಿರುವಾಗ ಅವಳು ಫೋನು ಮುಟ್ಟುವುದಿಲ್ಲ. ಅಮ್ಮ ಆ ಊರಿನಲ್ಲಿ ಇಳಿಯಲು ಒಪ್ಪದಿದ್ದರೆ ಎಂಬುದೊಂದೇ ಚಿಂತೆ. ಅವಳು ಹಟಮಾರಿ. ಮಗನಿಲ್ಲದೆ ಇಳಿಯುವುದಿಲ್ಲ ಎಂದು ಕುಳಿತರೆ ಕುಳಿತೇಬಿಟ್ಟಳು.

ಅಮ್ಮ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಉದ್ದನೆಯ ರೈಲ್ವೆ ಮನುಷ್ಯನೊಬ್ಬ ಕೈಕಟ್ಟಿಕೊಂಡು ನಿಂತು, ಅವಳು ಹೇಳುತ್ತಿದ್ದ ಕನ್ನಡಕ್ಕೆಲ್ಲ ತಲೆಯಾಡಿಸುತ್ತಿದ್ದ. ನಾನು ಅವನಿಗೆ ಕೈ ಮುಗಿದೆ. ಅಮ್ಮ ಅಳಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

ಆಮೇಲೆ ನಿಧಾನವಾಗಿ ಹೇಳಿದಳು. ಡಬ್ಬಿಯಲ್ಲಿ ನಾನು ಬಾರದಿದ್ದಾಗ ಎದ್ದು ಹುಡುಕಿದ್ದಾಳೆ. ಜನ ಏನೋ ಕೇಳಿದ್ದಾರೆ. ಅವಳಿಗೆ ಕಂಡದ್ದು ಅಲ್ಲಾಡುವ ಬಟ್ಟೆ. ನಂತರ ಒಬ್ಬ ಸಮವಸ್ತ್ರದವನು ಬಂದು ಎದುರಿಗೆ ನಿಂತ. ದಂಡ ಕೇಳುತ್ತಿದ್ದಾನೆ ಎಂದುಕೊಂಡಳು. ಕಿವಿ ಮುಟ್ಟಿ ತೋರಿಸಿದಳು. ಅವನು ಹಿಂದೆ ಸರಿದು ದೂರ ನಿಂತು ಮಾಸ್ಕು ಇಳಿಸಿದ.

"ನಿನ್ನ ಹೆಸರಿಗೆ ಮೂರ ಸಲ ತುಟಿ ಕೂಡತಾವ. ಮೊದಲನೇ ಸಲಕ್ಕ ತಿಳೀಲಿಲ್ಲ. ಎರಡನೇ ಸಲಕ್ಕ ಮೆಹಬೂಬ ಅನ್ನೂದು ಕಂಡ್ತು. ಆಮ್ಯಾಲ ಅಂವ ಎಲ್ಲಿ ಇಳಿ ಅಂದಿದ್ರೂ ಇಳೀತಿದ್ದೆ."

ಅಂಜಿದೆಯಾ ಎಂದು ಕೇಳಿದೆ. ಅವಳು ಹಳಿಗಳ ಕಡೆ ನೋಡಿದಳು.

"ಕಿವಿ ಹೋದ ದಿನಾನೂ ಇಷ್ಟ ಅಂಜಿದ್ದಿಲ್ಲ. ಅವತ್ತ ಎಲ್ಲಾರ ಮಾರಿ ಕಾಣತಿದ್ವು."

ಎಸೆನ್

ಪರ್ವೀನ ಎಸೆನ್ ನಿಲ್ದಾಣಕ್ಕೆ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಮುಖದ ಮೇಲೆ ಮಾಸ್ಕು. ಅಮ್ಮ ಹತ್ತಿರ ಹೋಗಿ, ಮಗಳ ಮುಖ ನೋಡಬೇಕೆಂದು ಅದಕ್ಕೆ ಕೈ ಹಾಕಿದಳು. ಪರ್ವೀನ ಹಿಂದೆ ಸರಿದಳು. ಒಂದೇ ಹೆಜ್ಜೆ. ಅಮ್ಮನ ಕೈ ಗಾಳಿಯಲ್ಲಿ ಉಳಿಯಿತು. ಪರ್ವೀನ ಕೂಡಲೇ ತಪ್ಪಾಯಿತೆಂಬಂತೆ ಆ ಕೈ ಹಿಡಿದುಕೊಂಡಳು, ಆದರೆ ಮಾಸ್ಕು ತೆಗೆಯಲಿಲ್ಲ. ಕೆಲವು ದಿನ ಕಾದು ನೋಡುವವರೆಗೆ ಮನೆಯೊಳಗೂ ಎಲ್ಲರೂ ಹಾಕಿಕೊಳ್ಳಬೇಕು ಎಂದು ನನಗೆ ಹೇಳಿದಳು. ಅಮ್ಮನಿಗೆ ಅದನ್ನು ಹೇಳುವ ಬಗೆ ಇಬ್ಬರಿಗೂ ತಿಳಿಯಲಿಲ್ಲ.

ಮಾತಿಗೆ ಬಾಲ್ಕನಿಯೊಂದೇ ಉಳಿಯಿತು. ಆ ಚಳಿಯಲ್ಲಿ ಮೂವರೂ ಕಂಬಳಿ ಹೊದ್ದು, ದೂರ ದೂರ ಕುರ್ಚಿ ಹಾಕಿಕೊಂಡು ಕುಳಿತೆವು. ಗೋಕಾಕದಿಂದ ತಂದ ಕರದಂಟು ಚಳಿಗೆ ಕಲ್ಲಾಗಿತ್ತು. ನನ್ನೊಳಗೆ ಹಗಲಿಡೀ ಕುದಿಯುತ್ತಿದ್ದದ್ದು ಅಲ್ಲಿ ಉಕ್ಕಿತು. ಇಂಥ ಕಾಯ್ದೆಯೇ ಇರಬಾರದು, ಹಾಕುವುದು ಬಿಡುವುದು ಅವರವರ ತಿಳಿವಳಿಕೆಗೆ ಬಿಡಬೇಕು ಎಂದೆ.

"ತಿಳುವಳಿಕಿಗೆ ಬಿಟ್ರ ಏನ ಆಗತೈತಿ ಅಂತ ನೀ ಮೂಡಲಗಿ ಬಸ್ಸಿನ್ಯಾಗ ದಿನಾ ನೋಡೀಯಲ್ಲ, ಭಾಯಿ" ಎಂದಳು ಪರ್ವೀನ.

ಆಮೇಲೆ ಅವಳು ತನ್ನ ವಾರ್ಡಿನ ಒಬ್ಬ ಮುದುಕನ ಬಗ್ಗೆ ಹೇಳಿದಳು. ಚಿಕಿತ್ಸೆ ಮುಗಿದು, ಮನೆಗೆ ಹೋಗುವ ಬಟ್ಟೆ ತರಿಸಿಟ್ಟುಕೊಂಡಿದ್ದ. ನೋಡಲು ಬಂದ ಗೆಳೆಯ ಒಳಗೆ ಬಂದ ಮೇಲೆ ಮಾಸ್ಕು ಇಳಿಸಿ, ಸ್ವಲ್ಪ ಗಂಟಲು ಕೆರೆತ ಅಷ್ಟೇ ಎಂದು ನಕ್ಕಿದ್ದನಂತೆ. ಆ ಬಟ್ಟೆಯನ್ನು ಆಮೇಲೆ ಮುದುಕನ ಹೆಂಡತಿಯ ಕೈಗೆ ಕೊಟ್ಟವಳು ಪರ್ವೀನ. ಸೋಂಕು ಆ ಗೆಳೆಯನಿಂದಲೇ ಬಂತೆಂದು ಹೇಳಲಾಗದು, ಹೇಳಲಾಗದೆ ಇರುವುದೇ ಕಷ್ಟ ಎಂದಳು.

"ಹಂಗಾದ್ರ ಇವತ್ತ ಅಮ್ಮ ಸಿಗದ ಹೋಗಿದ್ರ?" ಎಂದೆ.

ಅಲ್ಲಿಯವರೆಗೆ ಅಮ್ಮ ನಮ್ಮಿಬ್ಬರ ತುಟಿಗಳನ್ನು ಅತ್ತಿತ್ತ ನೋಡುತ್ತಿದ್ದಳು. ಒಂದು ಮಾತೂ ತಪ್ಪಿರಲಿಲ್ಲ.

"ಮುಚ್ಚಕೋರಿ ಅಂತ ಹೇಳ್ಲಿ. ಆ ಟೊಪ್ಪಿಗಿ ಹೆಣ್ಣಮಗಳು ರೈಲ ಹತ್ತಬೇಕಂದ್ರ ಹೇಳಾಕಽ ಬೇಕು" ಎಂದಳು. "ಆದ್ರ ಎಲ್ಲಾರ ಬಾಯಿ ಮುಚ್ಚಿಸಿದ ಮ್ಯಾಲ ಮಾತ ಯಾರಿಗೆ ಮುಟ್ಟಲಿಲ್ಲ ಅಂತ ತಿರುಗಿ ನೋಡಬೇಕು. ಆ ರೈಲಿನಾಂವ ದೂರ ಸರದ ನಿಂತ, ಆಮ್ಯಾಲ ಇಳಿಸಿದ. ಹುಕ್ಕೇರಿ ದವಾಖಾನ್ಯಾಗ ಅಷ್ಟ ಯಾರೂ ಮಾಡ್ಲಿಲ್ಲ."

ಪರ್ವೀನ ಕುರ್ಚಿಯಿಂದ ಎದ್ದಳು. ತನ್ನ ವಾರ್ಡಿನಲ್ಲೂ ಕಿವಿ ಮಂದವಾದ ಮುದುಕಿಯೊಬ್ಬಳಿದ್ದಾಳೆ, ಮಾಸ್ಕಿನ ಹಿಂದಿನಿಂದಲೇ ದಿನಾ ಕೂಗಿ ಮಾತಾಡುತ್ತೇವೆ, ಅವಳು ಎಲ್ಲಕ್ಕೂ ಹೂಂ ಅನ್ನುತ್ತಾಳೆ ಎಂದಳು. ಹೇಳಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೂ ಅವಳೂ ಆ ವಿಷಯದಲ್ಲಿ ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಆದರೆ ಆ ರಾತ್ರಿ ಊಟದ ತಟ್ಟೆಗಳನ್ನು ಅವಳು ಕೇಳದೆಯೇ ಬಾಲ್ಕನಿಗೆ ತಂದಳು. ನಮ್ಮಲ್ಲಿ ಯಾರಿಗೂ ಕೆಮ್ಮು ಬಾರದೆ ದಿನಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಮಾಸ್ಕು ತೆಗೆದು ಅಮ್ಮನ ಎದುರು ಕುಳಿತಳು. ಅಮ್ಮ ಮೊದಲು ನೋಡಿದ್ದು ತುಟಿಯನ್ನಲ್ಲ. ಮಾಸ್ಕಿನ ಅಂಚು ಮೂಗಿನ ಮೇಲೆ, ಕೆನ್ನೆಯ ಮೇಲೆ ಮಾಡಿದ್ದ ಕಪ್ಪು ಗೆರೆಗಳನ್ನು ಬೆರಳಿನಿಂದ ಸವರಿದಳು.

ಮರಳುವ ದಿನ

ವಿಮಾನ ನಿಲ್ದಾಣದಲ್ಲಿ ಮಾಸ್ಕಿನ ಕಡ್ಡಾಯವಿರಲಿಲ್ಲ. ಪರ್ವೀನ ಒಳಗೆ ಬರುವಂತಿರಲಿಲ್ಲ. ತಪಾಸಣೆ ದಾಟಿ ನೋಡಿದರೆ ಅವಳು ಗಾಜಿನ ಗೋಡೆಯ ಆಚೆ ಜನರ ನಡುವೆ ನಿಂತಿದ್ದಳು. ಎರಡೂ ಕಡೆ ನಿಂತವರು ಕೈ ಬೀಸುತ್ತಿದ್ದರು, ಫೋನು ಕಿವಿಗೊತ್ತಿಕೊಂಡಿದ್ದರು, ಕೇಳಿಸುವುದಿಲ್ಲವೆಂದು ಸನ್ನೆ ಮಾಡುತ್ತಿದ್ದರು. ಆಚೆಯ ಒಂದು ಸದ್ದೂ ಈಚೆ ಬರುತ್ತಿರಲಿಲ್ಲ.

ಅಮ್ಮ ಚೀಲ ಕೆಳಗಿಟ್ಟು ಗಾಜಿನ ಹತ್ತಿರ ಹೋದಳು. ಪರ್ವೀನ ಆಚೆಯಿಂದ ಎದುರಿಗೆ ಬಂದಳು. ಇಬ್ಬರೂ ಮಾತಿಗೆ ನಿಂತರು. ಅಮ್ಮ ದನಿ ತೆಗೆಯದೆ ಬರೀ ತುಟಿ ಅಲ್ಲಾಡಿಸುತ್ತಿದ್ದಳು. ತುಟಿ ಓದುವುದನ್ನು ಪರ್ವೀನ ಸಣ್ಣವಳಿದ್ದಾಗಲೇ ಅವಳಿಂದ ಕಲಿತಿದ್ದಳು. ಅಮ್ಮನ ಮಾತು ನನ್ನ ಕಿವಿಗೆ ಬೀಳುತ್ತಿತ್ತಲ್ಲ, ನಾನು ಕಲಿಯುವ ಗೋಜಿಗೆ ಹೋಗಿರಲಿಲ್ಲ. ಅವಸರವಿಲ್ಲದೆ, ಕಟ್ಟೆಯ ಮೇಲೆ ಕುಳಿತವರ ಹಾಗೆ ಅವರು ಮಾತಾಡಿದರು. ಪರ್ವೀನ ಏನೋ ಕೇಳಿದಳು. ಅಮ್ಮ ತಲೆ ಅಡ್ಡಡ್ಡ ಆಡಿಸಿದಳು. ಪರ್ವೀನ ಮತ್ತೆ ಕೇಳಿದಳು, ಕಣ್ಣು ತುಂಬಿಕೊಂಡಳು, ಆಮೇಲೆ ಅಮ್ಮ ಹೇಳಿದ ಯಾವುದಕ್ಕೋ ನಕ್ಕಳು. ಅಕ್ಕಪಕ್ಕದವರು ಫೋನು ಇಳಿಸಿ ಇವರನ್ನೇ ನೋಡತೊಡಗಿದರು. ನಾನು ಚೀಲಗಳ ನಡುವೆ ನಿಂತಿದ್ದೆ. ವಿಮಾನಕ್ಕೆ ಕರೆ ಬಂದಾಗ ನಾನೇ ಹೋಗಿ ಭುಜ ಮುಟ್ಟಬೇಕಾಯಿತು.

ನಡೆಯುತ್ತ, ಪರ್ವೀನ ಏನಂದಳು ಎಂದು ಕೇಳಿದೆ. ಅಮ್ಮ ಮುಂದೆ ನೋಡುತ್ತಿದ್ದಳು. ಎದುರಿಗೆ ಬಂದು ನಿಂತು ಇನ್ನೊಮ್ಮೆ ಕೇಳಿದೆ.

"ಇಷ್ಟ ಮಂದಿ ಎದರ ನಿಂತು ಮಾತಾಡೇವಿ" ಎಂದಳು. "ನಿನಗ ಕೇಳಸ್ಲಿಲ್ಲ ಅಂದ್ರ ನಾ ಏನ ಮಾಡ್ಲಿ?"